ತಾಟಿನ ತಳದ ಹೆಸರು

ಮೊನ್ನೆ ಬಸವನ ಬಾಗೇವಾಡಿಯಲ್ಲಿ ಗಣಿತ ಶಿಕ್ಷಕರ ತರಬೇತಿ ನಡೆದಾಗ ಮಧ್ಯಾಹ್ನ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ಗರಗರ ಅನ್ನುತ್ತ ನಿಧಾನವಾಗುತ್ತ ಬಂದು ಕೊನೆಗೆ ನಿಂತಿತು. ನಿಂತ ಮೇಲೆ ಅದರ ರೆಕ್ಕೆಯ ಮೇಲಿನ ಅಕ್ಷರಗಳು ಕಂಡವು. ಕೆಂಪು ಬಣ್ಣದಲ್ಲಿ ಒಬ್ಬರ ಹೆಸರು, ಮುಂದೆ ಅವರ ಊರು, ಅದರ ಮುಂದೆ ‘ಇವರ ಸೇವೆ’. ನಮ್ಮ ಕಡೆ ಶಾಲೆ, ಗುಡಿ, ಮದುವೆ ಮಂಟಪ ಎಲ್ಲೇ ಹೋಗಿ, ಫ್ಯಾನಿಗೆ, ಬೆಂಚಿಗೆ, ಗೋಡೆ ಗಡಿಯಾರಕ್ಕೆ, ನೀರಿನ ಟಾಕಿಗೆ ಹೀಗೆ ಕೊಟ್ಟವರ ಹೆಸರು ಇದ್ದೇ ಇರುತ್ತದೆ. ಗಾಳಿ ಬೀಸುವಾಗ ಕಾಣುವುದಿಲ್ಲ. ಗಾಳಿ ನಿಂತು ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿದಾಗ ಓದಲು ಬರುತ್ತದೆ.

ಪಕ್ಕದಲ್ಲಿ ಇಂಡಿ ತಾಲೂಕಿನ ಹೊರ್ತಿಯಿಂದ ಬಂದ ಹೊಸ ಟೀಚರ್ ಒಬ್ಬರು ಕೂತಿದ್ದರು. ರಟ್ಟಿನ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದರು:

“ಮೇಡಂ, ನೀವು ಹಿಂದಕ ವಿಡಿಯೋ ಪಾಠ ಭಾಳ ಮಾಡೀರಂತಲ್ರಿ. ಸ್ಕ್ರೀನ್ ರೆಕಾರ್ಡ್ ಮಾಡಾಕ ಪುಕ್ಕಟ ಸಾಫ್ಟ್‌ವೇರ್ ಸಾಕೋ, ರೊಕ್ಕಾ ಕೊಟ್ಟು ತಗೊಳ್ಳೂದು ಚೊಲೋನೋ?”

ಸಣ್ಣ ಪ್ರಶ್ನೆ. ನಾನು ಇನ್ನೂ ಫ್ಯಾನನ್ನೇ ನೋಡುತ್ತಿದ್ದೆ. “ಹೇಳ್ತೇನಿ, ಕರೆಂಟ್ ಬರ್ಲಿ ತಡೀರಿ” ಎಂದೆ. ಮುಖ ಕಾವೇರಿದ್ದು ನನಗೇ ಗೊತ್ತಾಗುತ್ತಿತ್ತು. ಸೆಕೆಗೆ ಎಂದು ಆಕೆ ತಿಳಿದುಕೊಂಡಿರಬೇಕು.

ನಾನು ಆ ಪಾಠಗಳನ್ನು ಮಾಡಿದ್ದು ಕೊರೋನಾಕ್ಕೆ ಶಾಲೆಗಳು ಮುಚ್ಚಿ ಮತ್ತೆ ತೆರೆದ ಮರುವರ್ಷ. ಸಿಂದಗಿ ತಾಲೂಕಿನಲ್ಲಿ ಮೋರಟಗಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದೆ. ಅತಿಥಿ ಎಂದರೆ ಹಾಜರಿ ಎಲ್ಲರಂತೆ, ಪಗಾರ ಮಾತ್ರ ಮಳೆಯಂತೆ, ಬಂದರೆ ಬಂತು. ನಮ್ಮ ಊರು ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಬದಿಗೆ. ಗೋಡೆಯ ಮೇಲೆ ಒಂದು ಬುದ್ಧನ ಫೋಟೊ, ಕೆಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಅದು ಮನೆ. ಅಪ್ಪ-ಅವ್ವ ಸಹಿ ಮಾಡಲು ಕಲಿತದ್ದು ನನ್ನ ಕೈ ಹಿಡಿದು. ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು ಸುಜಾತಾ ಎನ್ನುತ್ತಾರೆ. ಅದು ಅರ್ಧ ಸತ್ಯ. ಗಂಡಸರನ್ನು ಸೇರಿಸಿಕೊಂಡರೂ ನಾನೇ ಮೊದಲು. ಈ ಮಾತು ಹೇಳುವಾಗ ನಾನು ತಲೆ ತಗ್ಗಿಸುವುದಿಲ್ಲ, ಆಗಲೂ ತಗ್ಗಿಸುತ್ತಿರಲಿಲ್ಲ.

ಆದರೆ ಆ ಓದೆಲ್ಲ ಪುಕ್ಕಟ ಬಂದದ್ದು. ಪುಸ್ತಕ ಪುಕ್ಕಟ, ಸೈಕಲ್ ಪುಕ್ಕಟ, ಬಸ್ ಪಾಸು ಪುಕ್ಕಟ, ಕಾಲೇಜಿನಲ್ಲಿ ಕೊಟ್ಟ ಲ್ಯಾಪ್‌ಟಾಪು ಪುಕ್ಕಟ. ಆ ಲ್ಯಾಪ್‌ಟಾಪಿನ ಬೆನ್ನಿಗೆ ಯೋಜನೆಯ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದು ತೆಗೆದಿದ್ದೆ, ಅಂಟು ಹೋಗಲಿಲ್ಲ. ಧೂಳೆಲ್ಲ ಅಲ್ಲೇ ಕೂತು, ಚೀಟಿ ಇದ್ದ ಜಾಗ ಚೌಕನೆಯ ಕಪ್ಪು ಕಲೆಯಾಗಿ ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತಿತ್ತು.

ಹೈಸ್ಕೂಲಿನ ವರ್ಷಗಳಲ್ಲಿ ಮುದ್ದೇಬಿಹಾಳದ ಒಂದು ಉಚಿತ ಬೋರ್ಡಿಂಗಿನಲ್ಲಿ ಉಂಡೆ. ಅಲ್ಲಿನ ಸ್ಟೀಲ್ ತಾಟುಗಳ ನಟ್ಟನಡುವೆ ಕೊಟ್ಟವರ ಹೆಸರು ಕೆತ್ತಿತ್ತು. ಅನ್ನ ಇರುವ ತನಕ ಕಾಣುತ್ತಿರಲಿಲ್ಲ. ಕೊನೆಯ ತುತ್ತು ಎತ್ತಿದ ಕೂಡಲೇ ಕೆಳಗಿನಿಂದ ಆ ಹೆಸರು ಮೇಲೆ ನೋಡುತ್ತಿತ್ತು. ಅದಕ್ಕೆ ನಾನು ಒಂದು ತುತ್ತು ಬಿಟ್ಟೇ ಏಳುತ್ತಿದ್ದೆ. ವಾರ್ಡನ್ ಬಾಯಿಯವರು ಬೈಯುತ್ತಿದ್ದರು: “ಪುಕ್ಕಟ ಸಿಕ್ಕಿದ್ದಕ್ಕ ಕಿಮ್ಮತ್ತಿಲ್ಲ ನೋಡು ಇವಕ್ಕ.” ಈಗಲೂ ನನ್ನ ಮನೆಯಲ್ಲಿ, ನನ್ನ ದುಡಿಮೆಯ ತಾಟಿನಲ್ಲಿ, ಒಂದು ತುತ್ತು ಉಳಿಯುತ್ತದೆ.

ಇದನ್ನು ಆ ವರ್ಷ ಹತ್ತನೇ ಕ್ಲಾಸಿಗೆ ಹೇಳಿದ್ದೆ. ಗಣಿತ ಬೇಸರವಾದಾಗ ಮಾಸ್ತರರು ತಮ್ಮ ಕಷ್ಟದ ಕತೆ ಹೇಳುವುದುಂಟಲ್ಲ, ಹಾಗೆ. ಎರಡನೇ ಸಾಲಿನಿಂದ ಮಾದೇವಿ ಎಂಬ ಹುಡುಗಿ ಕೈ ಎತ್ತಿದಳು. ಒಣಗಿದ ಕಟ್ಟಿಗೆಯಂತಹ ಹುಡುಗಿ, ಲೆಕ್ಕದಲ್ಲಿ ಚುರುಕು.

“ಹೆಸರು ಅಳಸಾಕ ಬರ್ತಿರ್ಲಿಲ್ರಿ ಅಕ್ಕೋರ?”

“ಕೆತ್ತಿದ್ದವಾ. ತಿಕ್ಕಿದಷ್ಟೂ ಹೊಳೀತಿತ್ತು.”

ಹುಡುಗರು ನಕ್ಕರು. ಅವಳು ನಗಲಿಲ್ಲ. ನಾನು ಕತೆಗೆ ಒಂದು ನೀತಿಯನ್ನೂ ಸೇರಿಸಿದೆ: “ನೀವು ಓದ್ರಿ, ಯಾರ ಹೆಸರಿನ ತಾಟಿನ್ಯಾಗೂ ಉಣ್ಣೂ ಪಾಳಿ ಬರಬಾರದು.” ಆ ದಿನ ಮನೆಗೆ ಹೋಗುವಾಗ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಮಾದೇವಿಯಂಥ ಮಕ್ಕಳು ಆ ಕ್ಲಾಸಿನಲ್ಲಿ ಒಂದು ಬೆಂಚು ತುಂಬುವಷ್ಟಿದ್ದರು. ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯುವ ಗ್ಯಾಂಗಿನ ಲಾರಿ ಬರುತ್ತದೆ, ತಂದೆ-ತಾಯಿ ಹತ್ತುತ್ತಾರೆ, ಅಡಿಗೆಗೂ ಸಣ್ಣ ಕೂಸುಗಳನ್ನು ನೋಡಿಕೊಳ್ಳಲೂ ಈ ಮಕ್ಕಳೂ ಹತ್ತುತ್ತಾರೆ. ಶಿವರಾತ್ರಿಯ ಹೊತ್ತಿಗೆ ಮರಳಿ ಬಂದಾಗ ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಹಿಂದಿನ ವರ್ಷ ಹೋದವರಲ್ಲಿ ಗಣಿತ ಪಾಸಾದವರು ಇಲ್ಲವೇ ಇಲ್ಲ ಎನ್ನಬಹುದು. ಮಾದೇವಿಯ ಅಪ್ಪ ಭೀಮಶ್ಯಾ ನನ್ನೆದುರೇ ಅಂದಿದ್ದ: “ಒಮ್ಮೆ ನಪಾಸಾದ್ರ ಮತ್ತ ಬರಸಾಕ ಆಗೂದಿಲ್ರಿ ಅಕ್ಕೋರ. ಮುಂದಿನ ವರ್ಷ ಕೋಯ್ತಾ ಹಿಡಿಯೂದss.” ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆ ಹುಡುಗಿಯ ಕೈಗೆ ಅದು ಬರಬಾರದು ಎಂದು ನಾನು ಹಟ ತೊಟ್ಟೆ.

ಉಪಾಯ ಸರಳವಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಲೆಕ್ಕ ಬಿಡಿಸುತ್ತ, ಮಾತಾಡುತ್ತ, ಅದನ್ನೇ ರೆಕಾರ್ಡ್ ಮಾಡುವುದು. ಕಬ್ಬಿನ ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಪಾಠಗಳನ್ನು ಮೆಮರಿ ಕಾರ್ಡಿಗೆ ತುಂಬಿ ಲಾರಿ ಬರುವುದರೊಳಗೆ ಮಕ್ಕಳ ಕೈಗೆ ಕೊಡುವುದು. ಅಪ್ಪನ ಫೋನಿಗೆ ಹಾಕಿ ನೋಡಿಕೊಳ್ಳುತ್ತಾರೆ.

ಸಾಫ್ಟ್‌ವೇರ್ ಹುಡುಕಿ ಕೊಟ್ಟವರು ನಮ್ಮ ವಿಜ್ಞಾನದ ರಫೀಕ್ ಸರ್. ಸಿಂದಗಿಯವರು, ಮಾತಿಗೊಮ್ಮೆ ಚಾಷ್ಟಿ ಮಾಡಿ ನಗಿಸುವವರು. ಅವರು ಹಾಕಿಕೊಟ್ಟದ್ದು ಪುಕ್ಕಟದ್ದು. ಅದಕ್ಕೆ ಎರಡು ಕುಂದು. ಒಂದು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ನಿಲ್ಲುತ್ತಿತ್ತು, ಪ್ರಮೇಯ ‘ಸಾಧಿಸಲಾಗಿದೆ’ ಎನ್ನುವ ಮೊದಲೇ. ಎರಡು, ಪರದೆಯ ನಡುವೆ ಕಂಪನಿಯ ಹೆಸರು ಇಂಗ್ಲಿಷಿನಲ್ಲಿ ಅಡ್ಡಡ್ಡ ಬೀಳುತ್ತಿತ್ತು, ತೆಳ್ಳಗೆ, ಬೂದಿ ಬಣ್ಣದಲ್ಲಿ.

ಆ ಹಿಂಗಾರಿ ಮಳೆ ಚೆನ್ನಾಗಿ ಹಿಡಿದಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಶಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ಒಂದೊಂದು ಕಾಲೂ ಒಂದೊಂದು ಹಂಡೆಯಷ್ಟು ಭಾರ. ತೊಗರಿ ಹೂ ಬಿಟ್ಟಿತ್ತು. ನಾನಿದ್ದ ಬಾಡಿಗೆ ಕೋಣೆಗೆ ತಗಡಿನ ಮಾಡು, ಗೋಡೆಗೆ ಹತ್ತಿ ಹಿಟ್ಟಿನ ಗಿರಣಿ. ಮಳೆ ಬಂದರೆ ತಗಡು ಕೂಗುತ್ತಿತ್ತು, ಮಳೆ ನಿಂತರೆ ಗಿರಣಿ. ಎರಡೂ ಸುಮ್ಮನಾಗುವುದು ಮಳೆಯಿಲ್ಲದ ಹೊತ್ತಿನಲ್ಲಿ ಕರೆಂಟು ಹೋದಾಗ ಮಾತ್ರ. ಊರೆಲ್ಲ ಕರೆಂಟು ಹೋಯಿತೆಂದು ಬೈಯುವಾಗ ನಾನು ಓಡಿ ಬಂದು ಲ್ಯಾಪ್‌ಟಾಪು ತೆರೆಯುತ್ತಿದ್ದೆ. ದನಿ ಗೋಡೆಗೆ ಬಡಿದು ಮರಳದಿರಲಿ ಎಂದು ಅವ್ವ ಹೊಲಿದ ಕೌದಿಯನ್ನು ತಲೆಯ ಮೇಲೆ ಹೊದ್ದು, ಅದರೊಳಗೆ ಬೆವರುತ್ತ, ಸಮಾಂತರ ಶ್ರೇಢಿ ಹೇಳುತ್ತಿದ್ದೆ. ಒಮ್ಮೆ ರಫೀಕ್ ಸರ್ ಬಾಗಿಲಲ್ಲಿ ನಿಂತು ನೋಡಿ, “ಏನ್ ಮೇಡಂ, ತತ್ತಿ ಮ್ಯಾಲ ಕುಂತ ಕೋಳಿ ಆಗೀರಲ್ಲ. ಮರಿ ಯಾವಾಗ ಹೊರಗ ಬರ್ತಾವು?” ಎಂದು ನಕ್ಕರು. ಆ ನಗೆಯೂ ಆ ಪಾಠದಲ್ಲಿ ಹಾಗೇ ದಾಖಲಾಗಿದೆ.

ಬರೆಯುವಾಗ ಅನಿಸುತ್ತದೆ, ಆ ಹದಿನೈದಿಪ್ಪತ್ತು ದಿನ ನಾನು ಬಹಳ ಸುಖವಾಗಿದ್ದೆ.

ದಸರಾ ರಜೆಯ ಮೊದಲು ಪಾಲಕರ ಸಭೆ. ಹೆಡ್ ಮಾಸ್ತರರು ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು ಇಡಿಸಿ ಒಂದು ಪಾಠ ತೋರಿಸಲು ಹೇಳಿದರು. ತ್ರಿಕೋನದ ಪಾಠ ಹಚ್ಚಿದೆ. ಪಾಲಕರು ಸುತ್ತ ನಿಂತು ಬಗ್ಗಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಭೀಮಶ್ಯಾ ಕೇಳಿದ:

“ಅಕ್ಕೋರ, ಇದನ್ನ ಕೊಟ್ಟಾಂವ ಯಾವ ಊರಾಂವ್ರಿ?”

“ಯಾರು?”

“ಅಲ್ಲೇ ನಟ್ಟನಡಬರಕ ಹೆಸರು ಹಾಕ್ಯಾರಲ್ರಿ, ಇಂಗ್ಲೀಷ್‌ನ್ಯಾಗ.”

ನನಗೆ ಅರ್ಥವಾಗುವುದರೊಳಗೆ ಉಳಿದವರು ಶುರುವಿಟ್ಟರು. “ಸೊಲ್ಲಾಪುರದ ಶೇಟ್ ಇರಬೇಕು.” “ಸೊಲ್ಲಾಪುರದಾಂವ ಇಂಗ್ಲೀಷ್‌ನ್ಯಾಗ ಯಾಕ ಬರಸ್ತಾನ? ಮುಂಬೈದಾಂವ.” “ದೊಡ್ಡ ಕುಳ ಐತಿ. ಎಲ್ಲಾ ಪಾಠಕ್ಕೂ ಅವನ ಹೆಸರss ಅಂತ.” ಫ್ಯಾನಿನ ಮೇಲೆ, ಬೆಂಚಿನ ಮೇಲೆ ಹೆಸರು ಓದಿ ಬೆಳೆದ ಜನ, ಪರದೆಯ ಮೇಲಿನ ಹೆಸರನ್ನು ಇನ್ನು ಹೇಗೆ ಓದಬೇಕು?

ರಫೀಕ್ ಸರ್‌ಗೆ ಹಬ್ಬವಾಯಿತು. “ಅಮೇರಿಕಾದಾಂವ್ರಿ ಕಾಕಾ.”

ಭೀಮಶ್ಯಾ ನಗಲಿಲ್ಲ. ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ಲ್ಯಾಪ್‌ಟಾಪಿಗೆ ಕೈ ಮುಗಿದ. “ಹೌದಾ! ನಮ್ಮ ಗುರ್ತಿಲ್ಲ, ಪರಿಚಯ ಇಲ್ಲ. ನಾವು ಎದುರಿಗೆ ಬಂದ್ರೂ ಯಾರು ಅಂತ ತಿಳಿಯೂದಿಲ್ಲ ಅವಗ. ಅಂಥಾಂವ ಕೊಟ್ಟಾನ ಅಂದ್ರ ಪುಣ್ಯಾತ್ಮ ಬಿಡ್ರಿ.”

ಎಲ್ಲರೂ ನಕ್ಕರು, ನಾನೂ ಹಲ್ಲು ತೋರಿಸಿದೆ. ಒಳಗೆ ಮಾತ್ರ ಮುದ್ದೇಬಿಹಾಳದ ಊಟದ ಸಾಲಿನಲ್ಲಿ ಕೂತಿದ್ದೆ. ರಾತ್ರಿ-ಹಗಲು ಕೌದಿಯೊಳಗೆ ಬೆಂದು ಮಾಡಿದ ಅಡಿಗೆ ನನ್ನದು, ತಾಟಿನ ನಡುವಿನ ಹೆಸರು ಮತ್ತೊಬ್ಬರದು. ಆ ಪಾಠದಲ್ಲಿ ತ್ರಿಕೋನದ ಮೇಲಿನ ಶೃಂಗ ಸರಿಯಾಗಿ ಆ ಹೆಸರಿನ ಅಡಿಗೆ ಸಿಕ್ಕಿತ್ತು.

“ನನಗ ಈ ಪುಕ್ಕಟದ್ದು ಬ್ಯಾಡ” ಎಂದೆ ರಫೀಕ್ ಸರ್‌ಗೆ, ಎಲ್ಲರೂ ಹೋದ ಮೇಲೆ.

“ಹೆಸರಿದ್ರ ಏನಾತ್ರಿ? ತ್ರಿಕೋನ ಕಾಣತೈತಿಲ್ಲೋ?”

“ಮೂಲಿ ಮುಚ್ಚೇತಿ.”

“ತ್ರಿಕೋನ ಒಂಚೂರು ಬಾಜೂಕ ಸರಸ್ರಿ ಹಂಗಾರ.”

“ನಾ ಯಾಕ ಸರೀಬೇಕ್ರಿ?”

ಅವರು ನನ್ನ ಮುಖ ನೋಡಿ ಚಾಷ್ಟಿ ಬಿಟ್ಟರು. ಇನ್ನೊಂದು ಸಾಫ್ಟ್‌ವೇರ್ ಇದೆ ಎಂದರು. ಅದಕ್ಕೆ ರೊಕ್ಕವೂ ಇಲ್ಲ, ಹೆಸರೂ ಬೀಳುವುದಿಲ್ಲ. ಎಲ್ಲೆಲ್ಲಿಯೋ ಇರುವ ಜನ ಕೂಡಿ ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟದ್ದು. ಹಾಕಿ ನೋಡಿದೆವು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ದನಿ ಬರುತ್ತಿತ್ತು, ಚಿತ್ರದ ಜಾಗದಲ್ಲಿ ಬರೀ ಕಪ್ಪು ಪರದೆ. “ಎಲ್ಲೋ ಒಂದು ಸೆಟ್ಟಿಂಗ್ ಐತಿ. ನಾಕ ದಿನ ಕೊಡ್ರಿ, ಜಗ್ಗಾಡಿ ನೋಡ್ತೇನಿ” ಎಂದರು. ನಾಲ್ಕು ದಿನ ಕೊಡುವ ಮನಸ್ಸು ನನಗಿರಲಿಲ್ಲ. ರೊಕ್ಕ ಕೊಟ್ಟು ತೆಗೆದುಕೊಳ್ಳುವುದು ಎಂದರೆ ಅಂಗಡಿಯ ಮುಂದೆ ತಲೆ ಎತ್ತಿ ನಿಲ್ಲುವುದು ಎಂದು ನನ್ನ ಲೆಕ್ಕ. ಪುಕ್ಕಟದ ರುಚಿ ಗೊತ್ತಿದ್ದವಳಿಗೆ ಅದರ ಆಸೆ ಎಷ್ಟೆಂದು ಬೇರೆಯವರಿಗೆ ತಿಳಿಯುವುದು ಕಷ್ಟ.

ಆದರೆ ಆ ರೊಕ್ಕವನ್ನು ಪರದೇಶದ ಕಂಪನಿಗೆ ಕ್ರೆಡಿಟ್ ಕಾರ್ಡಿನಿಂದಲೇ ಕಟ್ಟಬೇಕು. ಅತಿಥಿ ಶಿಕ್ಷಕಿಗೆ ಯಾವ ಬ್ಯಾಂಕು ಕ್ರೆಡಿಟ್ ಕಾರ್ಡು ಕೊಡುತ್ತದೆ? ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಬೀಜ-ಗೊಬ್ಬರದ ಅಂಗಡಿಯ ಶಿವಲಿಂಗಪ್ಪ ಸಾಹುಕಾರರಿಗೆ ಹೇಳಿದರು. ಸಾಹುಕಾರರು ಕೆಟ್ಟವರಲ್ಲ, ಶಾಲೆಯ ಅರ್ಧ ಬೆಂಚು ಅವರವೇ. ಮರುದಿನವೇ ಅವರ ಮಗ ತನ್ನ ಕಾರ್ಡಿನಿಂದ ಕಟ್ಟಿಬಿಟ್ಟ. ಮೆಮರಿ ಕಾರ್ಡುಗಳನ್ನೂ ತಾವೇ ತರಿಸುತ್ತೇವೆ ಎಂದರು.

“ನಮಗೇನು ಬ್ಯಾಡ ತಂಗಿ” ಎಂದರು ಸಾಹುಕಾರರು ಫೋನಿನಲ್ಲಿ, ನಾನು ರೊಕ್ಕ ಮರಳಿ ಕೊಡುವ ಮಾತೆತ್ತಿದಾಗ. “ಪಾಠದ ಸುರುವಿಗೆ ಹೆಸರೊಂದು ಇರ್ಲಿ. ಮಂದಿಗೂ ನಾಲ್ಕು ಒಳ್ಳೇದು ಮಾಡಬೇಕು ಅನಸ್ತೈತಿ.”

ಆಗ ನಾನು ಏನನ್ನುತ್ತೇನೆಂದು ಓದುವವರು ಕಾಯುತ್ತಿರಬಹುದು. “ಆಗ್ಲಿರಿ” ಎಂದೆ. ಸುರುವಿಗೆ ತಾನೆ, ನಡುವೆ ಅಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಎರಡು ದಿನಕ್ಕೆ ಮಗನಿಂದ ಒಂದು ಚಿತ್ರ ಬಂತು: ಸಾಹುಕಾರರು ಕೈ ಮುಗಿದು ನಿಂತ ಫೋಟೊ, ಹಿಂದೆ ಹತ್ತಿಯ ಹೊಲ, ಕೆಳಗೆ ಅಂಗಡಿಯ ಹೆಸರು. ಪಾಠದ ಕೊನೆಗೂ ಇರಲಿ ಎಂದ. ಆಮೇಲೆ, ಮಕ್ಕಳು ಸುರುವನ್ನೂ ಕೊನೆಯನ್ನೂ ಓಡಿಸಿಬಿಡುತ್ತಾರೆ, ಮೂಲೆಯಲ್ಲಿ ಸಣ್ಣಗೆ ಸದಾ ಇರಲಿ ಎಂದ. ರೊಕ್ಕದ ಸಾಫ್ಟ್‌ವೇರಿನಲ್ಲಿ ಅದಕ್ಕೂ ಸೌಲಭ್ಯವಿತ್ತು. ಪುಕ್ಕಟದ್ದು ತನ್ನ ಹೆಸರನ್ನು ತಾನೇ ಹಾಕುತ್ತಿತ್ತು. ಇದರಲ್ಲಿ ನಮಗೆ ಬೇಕಾದ ಹೆಸರು, ಬೇಕಾದ ಕಡೆ, ಬೇಕಾದಷ್ಟು ದೊಡ್ಡದಾಗಿ ಹಾಕಬಹುದು. ಮೌಸಿನಿಂದ ಆ ಹೆಸರನ್ನು ಎಳೆದು ತಂದು ಮೂಲೆಯಲ್ಲಿ ಕೂರಿಸಿದ ಕೈ ನನ್ನದೇ. ಓರೆಯಾಗಿತ್ತು ಎಂದು ಎರಡು ಸಲ ಸರಿಪಡಿಸಿದೆ ಕೂಡ.

ಹಳೆಯ ಪಾಠಗಳನ್ನು ಮಕ್ಕಳಿಗೆ ಕೊಡುವುದು ಬೇಡ, ಎಲ್ಲವನ್ನೂ ಹೊಸದಾಗಿ ಮಾಡುತ್ತೇನೆ ಎಂದು ಕೂತೆ. ಚಿತ್ರ ಕನ್ನಡಿಯಂತೆ ಬಂತು, ಎಲ್ಲೂ ನಿಲ್ಲಲಿಲ್ಲ. ಪ್ರಮೇಯಗಳು ‘ಸಾಧಿಸಲಾಗಿದೆ’ ತನಕ ಮುಟ್ಟಿದವು. ದೀಪಾವಳಿ ಕಳೆಯಿತು.

ಲಾರಿ ಬರುವ ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಕಾರ್ಡು ವಿತರಣೆಯ ಕಾರ್ಯಕ್ರಮ. ಶಾಮಿಯಾನ, ಮೈಕು, ಸಾಹುಕಾರರಿಗೆ ಶಾಲು. ನಾನು ಬಾರ್ಡರಿನ ಸೀರೆ ಉಟ್ಟು ವೇದಿಕೆಯ ಬದಿಗೆ ಕಾರ್ಡುಗಳ ತಟ್ಟೆ ಹಿಡಿದು ನಿಂತೆ. ಸಾಹುಕಾರರು ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು:

“ಪಾಪ, ಈ ಕೂಸುಗಳ ತಾಯಿ-ತಂದಿ ಕಬ್ಬು ಕಡ್ಯಾಕ ಹೋಗ್ತಾರ. ಬಡವರು. ಓದಸ್ತೇವಂದ್ರ ಅವರ ಕಡಿ ಏನೈತಿ? ಅದಕ್ಕ ನಾವು ಕೊಡಾಕತ್ತೇವಿ. ನಾಳೆ ದೊಡ್ಡವರಾದ ಮ್ಯಾಲ ನೆನಸ್ರಿ, ಸಾಹುಕಾರ ಕೊಟ್ಟಿದ್ದಕ್ಕ ಪಾಸಾದ್ವಿ ಅಂತ.”

ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಭೀಮಶ್ಯಾ ನೆಲ ನೋಡುತ್ತ ಕೂತಿದ್ದ. ಹೆಡ್ ಮಾಸ್ತರರು ಒಬ್ಬೊಬ್ಬರದೇ ಹೆಸರು ಕೂಗಿದರು, ಹೆಸರಿನ ಜೊತೆ “ಕಬ್ಬಿಗೆ ಹೋಗುವ ವಿದ್ಯಾರ್ಥಿ” ಎಂದೂ ಸೇರಿಸಿದರು. ಮಗು ಬರುವುದು, ನಾನು ತಟ್ಟೆಯಿಂದ ಕಾರ್ಡು ಎತ್ತಿ ಸಾಹುಕಾರರಿಗೆ ಕೊಡುವುದು, ಅವರು ಮಗುವಿಗೆ ಕೊಡುವುದು, ಎಲ್ಲರೂ ಫೋಟೊಕ್ಕೆ ನಿಲ್ಲುವುದು. “ಈ ಕಡೆ ನೋಡು, ಕಾರ್ಡು ಕಾಣಂಗ ಹಿಡಿ, ನಗು” ಎನ್ನುತ್ತಿದ್ದ ಸಾಹುಕಾರರ ಮಗ.

ಮಾದೇವಿಯ ಪಾಳಿ ಬಂತು. ಅವಳು ಮೆಟ್ಟಿಲು ಹತ್ತಿದಳು. ಸಾಹುಕಾರರ ಎದುರು ನಿಂತು ಕೈ ಮುಗಿದಳು. ಚಾಚಿದ ಕಾರ್ಡು ಚಾಚಿದ ಹಾಗೇ ಇತ್ತು. ಅವಳು ಮುಂದೆ ನಡೆದು ಇನ್ನೊಂದು ಬದಿಯ ಮೆಟ್ಟಿಲಿನಿಂದ ಇಳಿದಳು.

“ಏ ಹುಡುಗಿ, ಕಾರ್ಡು ಮರತಿ!” ಎಂದು ಹೆಡ್ ಮಾಸ್ತರರು ಮೈಕಿನಲ್ಲಿ ಕೂಗಿದರು. ಜನ ಗೊಳ್ಳೆಂದು ನಕ್ಕರು. ಅವಳು ತಿರುಗಲಿಲ್ಲ. ಅಪ್ಪನ ಪಕ್ಕ ಹೋಗಿ ಕೂತಳು. ಸಾಹುಕಾರರು ಗಾಬರಿಯಿಂದ ನನ್ನನ್ನು ನೋಡಿ, ಕಾರ್ಡನ್ನು ನನ್ನ ಅಂಗೈಗೆ ತುರುಕಿ, “ನೀವು ಆಮ್ಯಾಲ ಕೊಟ್ಟಬಿಡ್ರಿ ಬಾಯಾರ, ಹುಡುಗಿ ನಾಚಿಕೊಂಡೈತಿ” ಎಂದರು. ನಾಚಿಕೊಂಡವರು ಯಾರೆಂದು ಅವರಿಗೆ ಹೇಗೆ ತಿಳಿಯಬೇಕು.

ಸಂಜೆ ಮಾದೇವಿಯ ಮನೆಗೆ ಹೋದೆ. ಅಂಗಳದಲ್ಲಿ ಗಂಟುಮೂಟೆ, ತಗಡಿನ ಟ್ರಂಕು, ಕಾಲು ಕಟ್ಟಿದ ಎರಡು ಕೋಳಿ. ಭೀಮಶ್ಯಾ ಕೋಯ್ತಾಗಳನ್ನು ಗೋಣಿಚೀಲದಲ್ಲಿ ಸುತ್ತುತ್ತಿದ್ದ. ಎದ್ದು ನಿಂತ.

“ನಂದೇನಿಲ್ರಿ ಅಕ್ಕೋರ. ಆ ಮಾತು ಕೇಳಿ ನನಗೂ ಒಂಥರಾ ಆತು, ಆದ್ರ ಕೊಟ್ರ ತಗೊಳ್ಳವ್ವ ಅಂತss ನಾ ಹೇಳೇನಿ. ಕೂಸು ಒಲ್ಲೆ ಅಂತೈತಿ.”

ಮಾದೇವಿ ಬಚ್ಚಲ ಕಲ್ಲಿನ ಮೇಲೆ ಕೂತು ಬೂದಿ ಹಚ್ಚಿ ತಾಟು ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾಕವಾ?” ಎಂದೆ. “ನಿನ್ನ ಸಲವಾಗಿ ಇಷ್ಟೆಲ್ಲಾ ಮಾಡೇನಿ ನಾ.”

“ಗೊತ್ತೈತ್ರಿ.”

“ಗಣಿತ ನಪಾಸಾದ್ರ ಏನಾಗತೈತಿ ಅದೂ ಗೊತ್ತೈತಿ ನಿನಗ.”

“ಗೊತ್ತೈತ್ರಿ.”

“ಮತ್ತ?”

ಅವಳು ತಾಟನ್ನು ತೊಳೆದು ಮಗುಚಿ ಇಟ್ಟಳು. “ನೀವss ಹೇಳೀರಲ್ರಿ ಅಕ್ಕೋರ. ತಿಕ್ಕಿದಷ್ಟೂ ಹೊಳೀತೈತಿ ಅಂತ.”

ಭೀಮಶ್ಯಾನಿಗೆ ಅದೇನೆಂದು ತಿಳಿಯಲಿಲ್ಲ. “ಏನ್ ಹೊಳೀತೈತೆ?” ಎಂದ. ಅವಳು ಇನ್ನೊಂದು ತಾಟು ಎತ್ತಿಕೊಂಡಳು. ಕೈಯಲ್ಲಿದ್ದ ಕಾರ್ಡಿನ ಪುಟ್ಟ ಡಬ್ಬಿಯ ಮೇಲೂ ಸಾಹುಕಾರರ ಫೋಟೊ ಅಂಟಿಸಿದ್ದರು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಟೆ. ದಾರಿಯಲ್ಲಿ ಎರೆಮಣ್ಣು ಕಾಲು ಹಿಡಿಯುತ್ತಿತ್ತು. ಸಾಹುಕಾರರ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಬೋರ್ಡಿಂಗಿಗೆ ತಾಟು ಕೊಟ್ಟವರೂ ಇವರಂತೆ ಒಳ್ಳೆಯವರೇ ಇದ್ದಿರಬೇಕು. ಆ ತಾಟು ನನ್ನ ಮುಂದೆ ಇಟ್ಟ ವಾರ್ಡನ್ ಬಾಯಿ ಕೂಡ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ತಿಳಿದಿದ್ದಿರಬೇಕು. ಈ ಸಲ ತಟ್ಟೆ ಹಿಡಿದು ನಿಂತವಳು ನಾನು, ಅದೂ ಬಾರ್ಡರಿನ ಸೀರೆ ಉಟ್ಟು.

ದಾರಿಯಿಂದಲೇ ರಫೀಕ್ ಸರ್‌ಗೆ ಫೋನ್ ಮಾಡಿ ಒಂದು ಖಾಲಿ ಮೆಮರಿ ಕಾರ್ಡು ಬೇಕು ಎಂದೆ. ಅವರು ಗಾಡಿ ಹತ್ತಿ ಬಂದು ತಮ್ಮ ಫೋನಿನಿಂದ ಕಾರ್ಡು ಕಿತ್ತು, ಮನೆಯ ಮಕ್ಕಳ ಫೋಟೊಗಳನ್ನೆಲ್ಲ ಬೇರೆ ಕಡೆ ಹಾಕಿ, ಖಾಲಿ ಮಾಡಿ ಕೊಟ್ಟರು. ಹಳೆಯ ಪುಕ್ಕಟದ ಪಾಠಗಳನ್ನು ನಾನು ಅಳಿಸಿರಲಿಲ್ಲ. ಅರ್ಧ ಪುಸ್ತಕದಷ್ಟಿದ್ದವು, ಅಷ್ಟೇ. ತ್ರಿಕೋನಮಿತಿ, ಸಂಖ್ಯಾಶಾಸ್ತ್ರ ಎಲ್ಲ ಸಾಹುಕಾರರ ಹೆಸರಿನಲ್ಲಿದ್ದವು. ಇದ್ದಷ್ಟನ್ನು ತುಂಬಿದೆ.

ಬೆಳಗ್ಗೆ ಮೋರಟಗಿಯ ರಸ್ತೆಯ ಬದಿಗೆ ಲಾರಿ ನಿಂತಿತ್ತು. ಮಂಜು ಬಿದ್ದು ತೊಗರಿ ಹೊಲ ಕಾಣುತ್ತಿರಲಿಲ್ಲ. ಮಾದೇವಿ ಗಂಟುಗಳ ಮೇಲೆ ಯಾರದೋ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ನಾನು ಕೆಳಗಿನಿಂದ ಕೈ ಎತ್ತಿ ಕಾಗದದಲ್ಲಿ ಸುತ್ತಿದ ಕಾರ್ಡು ಚಾಚಿದೆ. ಅವಳು ಕೈ ಚಾಚಲಿಲ್ಲ.

“ಇದರ ಮ್ಯಾಲ ಯಾರ ಹೆಸರೈತ್ರಿ ಅಕ್ಕೋರ?”

“ಮೊದಲಿನವು. ಪಾಲಕರ ಸಭಾದಾಗ ತೋರಿಸಿದ್ನಲ್ಲ, ನಿಮ್ಮಪ್ಪ ಕೈ ಮುಗಿದಿದ್ದು.”

“ಆ ಅಮೇರಿಕಾದಾಂವಂದಾ?”

“ಹೂಂ.”

“ಅವಗ ನಮ್ಮ ಗುರ್ತಿಲ್ಲಲ್ಲ?”

“ಇಲ್ಲವಾ. ಅವಗ ಯಾರ ಗುರ್ತೂ ಇಲ್ಲ.”

“ಹಂಗಾರ ಕೊಡ್ರಿ.”

ಲಾರಿ ಹೋಯಿತು. ಆಮೇಲೆ ರಫೀಕ್ ಸರ್ ಆ ಹೆಸರು ಬೀಳದ ಸಾಫ್ಟ್‌ವೇರನ್ನು ಜಗ್ಗಾಡಿ ಜಗ್ಗಾಡಿ ಕೊನೆಗೂ ಸರಿಮಾಡಿದರು. ಅವರು ಕೇಳಿದ್ದ ನಾಲ್ಕು ದಿನ ಕೂಡ ಅದಕ್ಕೆ ಬೇಕಾಗಲಿಲ್ಲ. ಕಪ್ಪು ಪರದೆ ಹೋಗಿ ಲೆಕ್ಕ ಕಂಡಿತು, ಯಾರ ಹೆಸರೂ ಇಲ್ಲದೆ, ಮೂಲೆ ಮೂಲೆಯೂ ಬಯಲು. ಉಳಿದರ್ಧ ಪುಸ್ತಕವನ್ನು ಕೌದಿ ಹೊದ್ದು ಮತ್ತೆ ಹೇಳಿದೆ. ಕಳಿಸುವುದು ಎಲ್ಲಿಗೆ? ಭೀಮಶ್ಯಾನ ಫೋನು ಹತ್ತಲಿಲ್ಲ. ಆ ಪಾಠಗಳನ್ನು ಅವಳು ನೋಡಲೇ ಇಲ್ಲ.

ಶಿವರಾತ್ರಿಯ ಹೊತ್ತಿಗೆ ಅವರು ಬಂದರು. ಮಾದೇವಿ ಇನ್ನೂ ಕಪ್ಪಾಗಿದ್ದಳು, ಅಂಗೈ ಮೇಲೆ ಕಬ್ಬಿನ ಸೋಗೆ ಗೀರಿದ ಗೆರೆಗಳು. ಅರ್ಧ ಪುಸ್ತಕವನ್ನು ಬಾಯಿಪಾಠದಂತೆ ಹೇಳಿದಳು, ರಫೀಕ್ ಸರ್ ನಕ್ಕದ್ದು ಎಲ್ಲಿ ಬರುತ್ತದೆ ಎಂಬುದನ್ನೂ ಹೇಳಿದಳು. ಉಳಿದರ್ಧವನ್ನು, ಪರೀಕ್ಷೆಗೆ ಹೊತ್ತಿಲ್ಲವೆಂದು ಹೊಸ ಪಾಠ ಬಿಟ್ಟು, ಗೆಳತಿಯ ಮನೆಯಲ್ಲಿ ಕೂತು ಕಲಿತಳು. ಪಾಸಾದಳು. ನೂರಕ್ಕೆ ನೂರು ತೆಗೆಯಬಹುದಾಗಿದ್ದ ಹುಡುಗಿ ಬರೀ ಪಾಸಾದಳು.

ಫಲಿತಾಂಶ ಬಂದ ಮೇಲೆ ಸ್ಟಾಫ್ ರೂಮಿಗೆ ಬಂದಳು. ಎಲ್ಲರಿಗೂ ಪೇಢೆ ಕೊಟ್ಟಳು. ನನ್ನ ಮುಂದೆ ನಿಂತು, ಲಂಗದ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಗಂಟು ಮೇಜಿನ ಮೇಲಿಟ್ಟಳು. ಮೆಮರಿ ಕಾರ್ಡು.

“ಇದು ನಿಂದವಾ” ಎಂದೆ. “ಕೊಟ್ಟದ್ದನ್ನ ತಿರುಗಿ ತಗೋತಾರೇನು? ಇಟ್ಕೋ, ನೆನಪಿಗೆ.”

ಅವಳ ಮುಖದಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ತರಗತಿಯಲ್ಲಿ ಲೆಕ್ಕಕ್ಕೆ ಉತ್ತರ ಹೇಳುವ ಹಾಗೆಯೇ ಹೇಳಿದಳು:

“ಬ್ಯಾಡ್ರಿ ಅಕ್ಕೋರ. ಇಟ್ಕೊಂಡ್ರ ಅದರ ಮ್ಯಾಲ ನಿಮ್ಮ ಹೆಸರು ಬೀಳತೈತಿ.”

ಬಾಗೇವಾಡಿಯ ಹಾಲಿನಲ್ಲಿ ಕರೆಂಟು ಬಂತು. ಫ್ಯಾನು ತಿರುಗತೊಡಗಿತು, ಅಕ್ಷರಗಳು ಕಲಸಿಹೋದವು. ಹೊರ್ತಿಯ ಟೀಚರ್ ಇನ್ನೂ ನನ್ನ ಮುಖ ನೋಡುತ್ತಿದ್ದರು. ಹೆಸರು ಬೀಳುವ ಪುಕ್ಕಟದ್ದೂ ಬೇಡ ರೊಕ್ಕದ್ದೂ ಬೇಡ, ರೊಕ್ಕವಿಲ್ಲದೆ ಹೆಸರೂ ಬೀಳದ್ದು ಒಂದಿದೆ, ಮೊದಮೊದಲು ಕಪ್ಪು ಪರದೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ, ನಾಲ್ಕು ದಿನ ಕೊಡಿ ಎಂದು ಹೇಳಿದೆ. ಆಕೆ ಅದನ್ನು ಬರೆದುಕೊಂಡರು. ಬರೆದು ಮುಗಿಸಿ, “ನಮ್ಮ ಮಕ್ಕಳಿಗೆ ತೋರಿಸುವಾಗ ನಿಮ್ಮ ಹೆಸರು ಹೇಳ್ತೇನ್ರಿ ಮೇಡಂ, ಸುಜಾತಾ ಮೇಡಂ ಹೇಳಿಕೊಟ್ರು ಅಂತ” ಎಂದರು.

“ಬ್ಯಾಡ್ರಿ” ಎಂದೆ.